ಒಂಬತ್ತನೇ ಹಾಡಿಗೆ ಒಂದು ಸಾಲು

ಆರಿದ ವರ್ಷದಿಂದ ನೂರಾ ಹನ್ನೆರಡನೇ ವರ್ಷ, ಎರಡನೇ ಬೇಸಿಗೆ, ಧೂಳು ಇಳಿದ ಮಾರನೇ ದಿನ
ಮೆಟ್ಟಿಲಗುಂಡಿ, ಕೆಳಗಿನಿಂದ ಐದನೇ ಮೆಟ್ಟಿಲು

ಪ್ರಾಣೇಶ ಕಟಗೇರಿಗೆ,

ನಮ್ಮ ಮಾತು ನಿಮ್ಮ ಕಾಲದವರ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು ಎಂದು ಮೊದಲೇ ಬರೆಯಬೇಕಂತೆ. ಹಿಂಟಪಾಲಿನ ಕಟ್ಟೆಯಲ್ಲಿ ಕೂತಿರುವ ಹುಡುಗಿ ಹೇಳಿದಳು. ಬರೆದಿದ್ದೇನೆ. ಹಿಂಟಪಾಲು ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಎಪ್ಪತ್ತು ತುಂಬಿದವರಿಗೆ ಜನ್ಮಕ್ಕೆ ಒಂದೇ ಸಲ ಕೊಡುತ್ತಾರೆ. ಜನ ಸಾಮಾನ್ಯವಾಗಿ ತಮ್ಮ ಮುತ್ತಜ್ಜನಿಗೆ ಬರೆಯುತ್ತಾರೆ, ಆ ಜಾಗ ಮಾರಬೇಡ, ಈ ಬಾವಿ ಮುಚ್ಚಬೇಡ ಅಂತ. ನಾನು ಪೇಪರಿನಲ್ಲಿ ಹಾಡಿನ ವಿಮರ್ಶೆ ಬರೆಯುವವನಿಗೆ ಬರೆಯುತ್ತೇನೆ ಅಂದಾಗ ಆ ಹುಡುಗಿ ನಕ್ಕಳು. ನಗಲಿ. ಅವಳ ಮನೆಯಲ್ಲಿ ಯಾರೂ ಸತ್ತಿಲ್ಲ.

ನಿನ್ನನ್ನು ನೀನು ಅನ್ನಬೇಕೋ ನೀವು ಅನ್ನಬೇಕೋ ಅಂತ ಸ್ವಲ್ಪ ಹೊತ್ತು ಯೋಚನೆ ಮಾಡಿದೆ. ನೀನು ನನ್ನ ಮುತ್ತಜ್ಜನಿಗಿಂತ ಹಿಂದಿನವನು. ಆದರೆ ನಮ್ಮಲ್ಲಿ ಉಳಿದಿರುವ ನಿನ್ನ ಒಂದು ಬರಹದ ಪಕ್ಕದಲ್ಲಿ ನಿನ್ನ ಸಣ್ಣ ಫೋಟೊ ಇದೆ. ಕನ್ನಡಕ, ಕಪ್ಪು ಗಡ್ಡ, ಇನ್ನೂ ಎಳೆ ಮುಖ. ಅಂಥ ಮುಖಕ್ಕೆ ಬಹುವಚನ ನನ್ನ ಕೈಯಿಂದ ಬರುವುದಿಲ್ಲ. ನಾನು ಶಾಲೆಗೆ ಹೋದದ್ದು ನಾಲ್ಕೇ ವರ್ಷ. ಮೇಷ್ಟರು ಕಿವಿ ಹಿಂಡಿದರು, ನಾನು ಹಲಗೆ ಎಸೆದು ಮನೆಗೆ ಬಂದೆ, ಮತ್ತೆ ಹೋಗಲಿಲ್ಲ. ಇಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದು. ಬೇರೆಯವರ ತಪ್ಪು ಹುಡುಕುವುದು ನಿನಗೆ ಚೆನ್ನಾಗಿ ಬರುತ್ತದೆ.

ಮೊದಲು ನಾವು ಎಲ್ಲಿದ್ದೇವೆ ಅಂತ ಹೇಳುತ್ತೇನೆ. ಬಳ್ಳಾರಿ ಸೀಮೆಯಲ್ಲಿ ನಿಮ್ಮವರು ಕಬ್ಬಿಣಕ್ಕಾಗಿ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಗುಂಡಿ ಮಾಡಿ ಬಿಟ್ಟುಹೋದಿರಲ್ಲ, ಆ ಮೆಟ್ಟಿಲುಗಳ ಮೇಲೆಯೇ ನಮ್ಮ ಊರು. ಮೇಲಿನ ಬಯಲಿನಲ್ಲಿ ಈಗ ಬಿಸಿಲಿಗೆ ಯಾರೂ ನಿಲ್ಲಲಾರರು, ವರ್ಷಕ್ಕೆ ಎರಡು ಬೇಸಿಗೆ. ಗುಂಡಿಯೊಳಗೆ ಯಾವ ಮೆಟ್ಟಿಲಿಗೆ ನೆರಳು ಬೀಳುತ್ತದೋ ಆ ಮೆಟ್ಟಿಲಿಗೆ ಕೆಲಸ ಸರಿಯುತ್ತದೆ. ಅದಕ್ಕೆ ನೆರಳಪಾಳಿ ಅನ್ನುತ್ತೇವೆ. ಬೆಳಿಗ್ಗೆ ಈ ಕಡೆಯ ಗೋಡೆಗೆ ಸಜ್ಜೆ ಒಣಗಿಸುವುದು, ತಗಡು ಬಡಿಯುವುದು. ಮಧ್ಯಾಹ್ನ ಎಲ್ಲವನ್ನೂ ಹೊತ್ತುಕೊಂಡು ಆ ಕಡೆಯ ಗೋಡೆಗೆ. ತಳದಲ್ಲಿ ಹಸಿರು ನೀರು ನಿಂತಿದೆ, ಅದನ್ನು ಕೊಳವೆಯಲ್ಲಿ ಮೇಲೆತ್ತಿ ಸೋಸಿ ಕುಡಿಯುತ್ತೇವೆ. ಆರಿದ ವರ್ಷ ಅಂದರೆ ನಿಮ್ಮ ಯಂತ್ರಗಳಲ್ಲಿ ಕೂಡಿಟ್ಟದ್ದೆಲ್ಲ ಒಂದೇ ವರ್ಷದಲ್ಲಿ ಅಳಿಸಿಹೋದ ವರ್ಷ. ಚಿತ್ರ, ಹಾಡು, ಲೆಕ್ಕ, ಎಲ್ಲ. ಬಾಯಲ್ಲಿದ್ದದ್ದು ಉಳಿಯಿತು, ಕಾಗದದ ಮೇಲಿದ್ದದ್ದು ಉಳಿಯಿತು. ಮಿಕ್ಕದ್ದು ಹೋಯಿತು.

ಗೂಡ್ಸ್ ಗಾಡಿ ಅನ್ನುವ ಆ ಹುಡುಗರ ಬ್ಯಾಂಡು ಅರ್ಧ ಉಳಿದದ್ದು ಬಾಯಲ್ಲೇ. ಅವರ ಮೊದಲನೇ ಆಲ್ಬಮ್ಮು 'ಕೆಂಪು ಕೆಮ್ಮು' ನಮ್ಮಲ್ಲಿ ಎಲ್ಲರಿಗೂ ಬರುತ್ತದೆ. ತಗಡು ಬಡಿಯುವಾಗ ಅದನ್ನೇ ಹಾಡುತ್ತೇವೆ. "ಕೆಮ್ಮಿದರ ಕೆಂಪು, ಉಗುಳಿದರ ಕೆಂಪು, ಅಪ್ಪನ ಪಗಾರಕ್ಕ ಬಣ್ಣಾನ ಇಲ್ಲ" ಅಂತ ಒಂದು ಮೆಟ್ಟಿಲಿನವರು ಕೂಗಿದರೆ ಎದುರಿನ ಮೆಟ್ಟಿಲಿನವರು ಎತ್ತಿಕೊಳ್ಳುತ್ತಾರೆ. ಎರಡನೇ ಆಲ್ಬಮ್ಮು 'ಮನೆ ಕಡೆ' ಯಾರ ಬಾಯಲ್ಲೂ ಇಲ್ಲ. ಯಾಕೆ ಅಂದರೆ ಅದನ್ನು ಯಾರೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂದರೆ ನೀನು ಪೇಪರಿನಲ್ಲಿ ಬರೆದೆ. "ಗೂಡ್ಸ್ ಗಾಡಿ ಕೆಟ್ಟು ನಿಂತಿದೆ" ಅಂತ ತಲೆಬರಹ. ಗಣಿ ಸಿಡಿಸಿದ ಹುಡುಗರು ಈಗ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಾರೆ ಅಂತ ಮೊದಲನೇ ಸಾಲು. ಆಮೇಲೆ ಅವರು ಬೇರೆ ಬೇರೆಯಾದರಂತೆ. ಹಾಡುತ್ತಿದ್ದ ಗಾದಿಲಿಂಗ ಪಂಕ್ಚರ್ ಅಂಗಡಿ ಇಟ್ಟನಂತೆ, ಅಂಗಡಿಯಲ್ಲಿ ಯಾರಾದರೂ ರೇಡಿಯೊ ಹಚ್ಚಿದರೆ ಎದ್ದು ಹೊರಗೆ ಹೋಗುತ್ತಿದ್ದನಂತೆ. ಇದು ಬಾಯಿಂದ ಬಾಯಿಗೆ ಬಂದ ಮಾತು, ನಿಜವೋ ಸುಳ್ಳೋ ನಿನಗೇ ಗೊತ್ತು.

ನಿನ್ನ ಬರಹ ಉಳಿದದ್ದು ಹೇಗೆ ಅಂದರೆ, ನಿಮ್ಮ ಕಾಲದ ಒಬ್ಬ ಹೆಣ್ಣುಮಗಳು ಕಬ್ಬಿಣದ ಟ್ರಂಕಿನ ತಳಕ್ಕೆ, ಸೀರೆಗೆ ತುಕ್ಕು ಹತ್ತದಿರಲಿ ಅಂತ, ಆ ಪೇಪರು ಹಾಸಿದ್ದಳು. ಆ ಟ್ರಂಕು ತಾಯಿಂದ ಮಗಳಿಗೆ ಬರುತ್ತಾ ಬರುತ್ತಾ ನನ್ನ ಹೆಂಡತಿ ಗಾಳೆಮ್ಮನಿಗೆ ಬಂತು. ಹಾಡಿದವರು ಹೋದರು, ಬೈದ ನೀನು ಟ್ರಂಕಿನಲ್ಲಿ ಉಳಿದೆ.

ಗಾಳೆಮ್ಮ ನಮ್ಮ ಗುಂಡಿಯ ಹಾಡುಗಾರ್ತಿ. ಮದುವೆಯಾದ ಹೊಸತರಲ್ಲಿ ಒಂದು ದಿನ ಸೀರೆಗಳನ್ನೆಲ್ಲ ಹೊರಗೆ ಹಾಕಿ ಟ್ರಂಕಿನೊಳಗೆ ತಲೆ ಇಟ್ಟುಕೊಂಡು ನಿನ್ನ ಬರಹವನ್ನು ಕೂಡಿಸಿ ಕೂಡಿಸಿ ಓದಿದಳು. ಆಮೇಲೆ ತಲೆ ಎತ್ತಿ, "ಏ, ಇವನು ಬೈಯೂದ್ರಾಗ ಸದ್ದು ಐತಿ ನೋಡು" ಅಂದಳು. ನೀನು ಬರೆದಿದ್ದೆ, ಎರಡನೇ ಹಾಡಿನ ಡ್ರಮ್ಮು ಮೇಲಿನ ಮನೆಯವರು ಒರಳುಕಲ್ಲು ಎಳೆದಾಡಿದ ಹಾಗಿದೆ ಅಂತ. ಆ ಬೈಗುಳ ಹಿಡಿದೇ ಹಾಡು ಮತ್ತೆ ಕಟ್ಟುತ್ತೇನೆ ಅಂತ ಅವಳು ನನ್ನ ಕೈಯಲ್ಲಿ ನಿಜವಾಗಿಯೂ ಮೇಲಿನ ಮೆಟ್ಟಿಲಿನ ಮೇಲೆ ಕಲ್ಲು ಎಳೆಸಿದಳು. ಕೆಳಗೆ ನಿಂತು ಕೇಳಿದಳು. ಇನ್ನೂ ನಿಧಾನ, ಇನ್ನೂ ನಿಧಾನ ಅಂದಳು. ನನ್ನ ಸೊಂಟ ಹಿಡಿಯಿತು, ಹಾಡು ಹುಟ್ಟಿತು. ಮೂರನೇ ಹಾಡಿನ ಗಿಟಾರು ಮದುವೆ ಊಟ ಮುಗಿದ ಮೇಲೆ ಕಬ್ಬಿಣದ ಚೇರು ಮಡಚುವ ಸದ್ದಿನಂತಿದೆ ಅಂತ ನೀನು ಬರೆದಿದ್ದೆ. ಅಂಥ ಚೇರು ನಮ್ಮಲ್ಲಿಲ್ಲ, ತಗಡಿಗೆ ತಗಡು ಹೊಡೆದು ಮಾಡಿದೆವು. ನಾಲ್ಕನೇ ಹಾಡನ್ನು ಗಾದಿಲಿಂಗ ಮಲಗಿಕೊಂಡೇ ಹಾಡಿದ್ದಾನೇನೋ ಅಂತ ಅಣಕಿಸಿದ್ದೀಯಲ್ಲ, ಅದು ಅಣಕ ಅಂತ ನಮಗೆ ಹೊಳೆಯಲೇ ಇಲ್ಲ. ಗಾಳೆಮ್ಮ ಅದನ್ನು ಮಲಗಿಯೇ ಹಾಡಿದಳು. ಕೇಳುವವರೂ ಮಲಗಿದರು. ಈಗ ಅದು ನಮ್ಮಲ್ಲಿ ಪದ್ಧತಿ. ನಾಲ್ಕನೇ ಹಾಡು ಬಂತೆಂದರೆ ಇಡೀ ಗುಂಡಿ ಕಲ್ಲಿನ ಮೇಲೆ ಬೆನ್ನು ಚಾಚಿ ಮಲಗುತ್ತದೆ, ಮುದುಕರು, ಬಸುರಿಯರು ಎಲ್ಲ. ಕಲ್ಲಿನೊಳಗಿಂದ ಅವಳ ದನಿ ಬೆನ್ನಿಗೆ ತಾಗುತ್ತಿತ್ತು. ನೀನು ಕೇಳಬೇಕಿತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಅದೇ ಪುಟದಲ್ಲಿ ನೀನು ಇನ್ಯಾರದೋ ಆಲ್ಬಮ್ಮನ್ನು ಹೊಗಳಿದ್ದೀಯ. ಹೊಸತನವಿದೆ, ಮನಮುಟ್ಟುತ್ತದೆ ಅಂತ. ಅದರಿಂದ ನಮಗೆ ಒಂದು ಸದ್ದೂ ಹೊರಡಲಿಲ್ಲ. ಬೈಗುಳದಿಂದ ಎಂಟು ಹಾಡು ಹೊರಟವು.

ಒಂಬತ್ತನೆಯದು ಹೊರಡಲಿಲ್ಲ. ಅದರ ಬಗ್ಗೆ ನೀನು ಬರೆದದ್ದು ಇಷ್ಟೇ. "ಕೊನೆಯ ಹಾಡು 'ಅವ್ವಗ ಹೇಳಬ್ಯಾಡ್ರಿ'. ಅಷ್ಟು ಹೊತ್ತಿಗೆ ನನ್ನ ಚಹಾ ಆರಿತ್ತು, ತಾಳ್ಮೆಯೂ." ಮುಗಿಯಿತು. ಕೆಳಗೆ ಬೋರ್‌ವೆಲ್ ಕೊರೆಯುವವರ ಜಾಹೀರಾತು. ನೀನು ಅದನ್ನು ಕೇಳಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ನಾವು ಏನು ಮಾಡುತ್ತೇವೆ ಅಂದರೆ, ಎಂಟು ಹಾಡಾದ ಮೇಲೆ ನಡುವೆ ಒಂದು ಲೋಟ ಚಹಾ ಇಟ್ಟು, ಅದು ಆರುವ ತನಕ ಸುಮ್ಮನೆ ಕೂರುತ್ತೇವೆ. ಅದೇ ಒಂಬತ್ತನೇ ಹಾಡು. ಚಹಾ ಸೊಪ್ಪು ನಮ್ಮಲ್ಲಿಲ್ಲ, ತಂಗಡಿ ಹೂವು ಕುದಿಸುತ್ತೇವೆ. ಊರಿಗೆಲ್ಲ ಇದು ಸರಿ ಅನ್ನಿಸಿತು. ಗಾಳೆಮ್ಮನಿಗೆ ಒಪ್ಪಿಗೆ ಆಗಲಿಲ್ಲ. "ಇದೇನ್ ಹಾಡಾ? ಇದು ಕಾಯೂದು" ಅನ್ನುತ್ತಿದ್ದಳು.

ಇನ್ನು ನಮ್ಮ ಮಗನ ವಿಷಯ. ಎರ್ರಿಸ್ವಾಮಿ ಅಂತ ಹೆಸರು, ಒಬ್ಬನೇ ಮಗ, ಮೀಸೆ ಬಂದಿತ್ತು. ಮೇಲಿನ ಮೆಟ್ಟಿಲಿನಲ್ಲಿ ನೀರಿನ ಕೊಳವೆ ರಿಪೇರಿ ಮಾಡುತ್ತಿದ್ದಾಗ ಮಣ್ಣು ಜರುಗಿತು. ಜೊತೆಗಿದ್ದವನು ಗಾಳೆಮ್ಮನ ಸ್ವಂತ ತಮ್ಮ ಹೊನ್ನೂರಪ್ಪ. ಬೇರೆಯವರು ಬರುವಷ್ಟರಲ್ಲಿ ಹುಡುಗ ಅವನ ತೊಡೆಯ ಮೇಲೆ ಹೋಗಿಬಿಟ್ಟಿದ್ದ. ಹೊನ್ನೂರಪ್ಪ ಓಡಿ ಬಂದು ನಮ್ಮ ತಗಡಿನ ಬಾಗಿಲಲ್ಲಿ ನಿಂತು ನನಗೆ ತಗ್ಗಿದ ದನಿಯಲ್ಲಿ ಹೇಳಿದ, ಹೇಳಿ, "ಮಾವಾ, ಅಕ್ಕಗ ಈಗ ಹೇಳಬ್ಯಾಡ" ಅಂದ. ಗಾಳೆಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿ, ಕೈ ಒರೆಸಿಕೊಂಡು ಹೊರಗೆ ಬಂದಳು. "ಏನು ಹೇಳಬ್ಯಾಡ?" ಅಂದಳು.

ಹೊನ್ನೂರಪ್ಪ ಆಮೇಲೆ ಎಷ್ಟೋ ಸಲ ಹೇಳಿದ. ಅದು ನನ್ನ ಮಾತಲ್ಲ ಅಕ್ಕಾ, ಹುಡುಗನೇ ಅಂದ, 'ಮಾವಾ, ಅವ್ವಗ ಹೇಳಬ್ಯಾಡ' ಅಂತ ಅವನೇ ನನಗೆ ಅಂದು ಕಣ್ಣು ಮುಚ್ಚಿದ ಅಂತ. ಅವಳು ನಂಬಲಿಲ್ಲ. ನನ್ನ ಮಗ ನನ್ನನ್ನ ಕರೆದಿರತಾನ, ಇವ ಕರೆಯಾಕ ಬಿಡಲಿಲ್ಲ ಅಂದಳು. ಆ ದಿನದಿಂದ ತಮ್ಮನ ಕೈಯಿಂದ ಒಂದು ಗುಟುಕು ನೀರು ಮುಟ್ಟಲಿಲ್ಲ. ನಾನು ಸಿಟ್ಟಿನವನು, ನನ್ನ ಸಿಟ್ಟು ಊಟದ ಹೊತ್ತಿಗೆ ಇಳಿಯುತ್ತದೆ. ಅವಳದು ಇಳಿಯಲಿಲ್ಲ. ಟ್ರಂಕು ತೆಗೆದು ನಿನ್ನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೂರುತ್ತಿದ್ದಳು. "ಹೇಳಬ್ಯಾಡ್ರಿ ಅಂತ ಅಂದಾವ ಯಾರು? ಊರವರಾ, ಹುಡುಗನಾ? ಹುಡುಗಾನ ಅಂದಾನ ಅಂತ ಈ ಹಾಡಿನಾಗ ಇದ್ದರ, ಸಾಯೂ ಮಕ್ಕಳು ಹಂಗ ಅಂತಾವು ಅಂತ ನಾನೂ ನಂಬತೀನಿ. ನನ್ನ ತಮ್ಮನ್ನ ಕರಿತೀನಿ." ಹೀಗೆ ಅನ್ನುತ್ತಿದ್ದಳು. ಚಹಾ ಆರಿತ್ತು ಅಂತ ಹೇಳಲೇ?

ಹೋದ ತಿಂಗಳು ಧೂಳುಕೆಮ್ಮಿನಲ್ಲಿ ಹೋದಳು. ಹಿಂಟಪಾಲಿಗೆ ಅವಳ ಪಾಳಿ ಇನ್ನೂ ಬಂದಿರಲಿಲ್ಲ, ನನ್ನದೂ. ಕೊನೆಗೆ ಬಾಯಿ ಒಣಗಿದಾಗ ಹೊನ್ನೂರಪ್ಪ ನೀರಿನ ಲೋಟ ಹಿಡಿದುಕೊಂಡು ಬಂದ. ಅವಳು ಮುಖ ಗೋಡೆಗೆ ತಿರುಗಿಸಿದಳು. ಅವನು ಆ ಲೋಟ ಹಿಡಿದುಕೊಂಡೇ ನಿಂತ. ಎಲ್ಲ ಮುಗಿದ ಮೇಲೂ ನಿಂತಿದ್ದ, ನಾನೇ ಹೋಗಿ ಕೈಯಿಂದ ತೆಗೆದುಕೊಂಡೆ. ಮಣ್ಣು ಮಾಡಿ ಬಂದು ಊರವರು ಎಂಟು ಹಾಡಿಗೆ ಕೂತರು. ಕಲ್ಲು ನಾನೇ ಎಳೆದೆ. ನಾಲ್ಕನೆಯದಕ್ಕೆ ಎಲ್ಲರೂ ಮಲಗಿದೆವು, ಹಾಡಲು ಅವಳಿಲ್ಲ, ಕಲ್ಲು ಸುಮ್ಮನೆ ಬಿಸಿಯಾಗಿತ್ತು. ಆಮೇಲೆ ಚಹಾ ಇಟ್ಟೆವು. ನಿನಗೆ ಗೊತ್ತಾ, ನಮ್ಮ ಎರಡನೇ ಬೇಸಿಗೆಯಲ್ಲಿ ಚಹಾ ಆರುವುದಿಲ್ಲ. ಗಾಳಿಯೇ ಅದಕ್ಕಿಂತ ಬಿಸಿ. ಜನ ಕೂತರು, ಕೂತರು, ಒಬ್ಬೊಬ್ಬರಾಗಿ ಎದ್ದುಹೋದರು. ಕೊನೆಗೆ ಈ ಕಡೆ ನಾನು, ಆ ಕಡೆ ಹೊನ್ನೂರಪ್ಪ, ನಡುವೆ ಲೋಟ. ಮುಟ್ಟಿ ನೋಡಿದೆ. ಅವಳ ಹಣೆ ಬೆಳಿಗ್ಗೆ ಆರಿತ್ತು, ಆ ಲೋಟ ಆರಲಿಲ್ಲ.

ಅದಕ್ಕೇ ಈ ಕಾಗದ. ಗಾದಿಲಿಂಗನಿಗೆ ಬರೆದರೆ ಉಪಯೋಗವಿಲ್ಲ, ಅವನು ಹಾಡಿದ್ದು ಯಂತ್ರದಲ್ಲಿತ್ತು, ಅಳಿಸಿಹೋಗುತ್ತದೆ. ನಮ್ಮ ತನಕ ಬರುವುದು ಪೇಪರಿನಲ್ಲಿ ನಿನ್ನ ಹೆಸರಿನ ಕೆಳಗೆ ಅಚ್ಚಾದದ್ದು ಮಾತ್ರ. ಈ ಕಾಗದ ನೀನು ಬರೆಯಲು ಕೂತ ಸಂಜೆಗೇ ತಲುಪುವಂತೆ ಕಳಿಸಲು ಹೇಳಿದ್ದೇನೆ. ಆ ಹಾಡನ್ನು ಹೊಗಳು ಅಂತ ನಾನು ಕೇಳುತ್ತಿಲ್ಲ. ಎಂಟು ಹಾಡಿಗೆ ಬೈದಿದ್ದೀಯ, ಒಂಬತ್ತನೆಯದಕ್ಕೂ ಬೈ. ಹೊಟ್ಟೆ ತುಂಬ ಬೈ. ಆದರೆ ಪೂರ್ತಿ ಕೇಳಿ ಬೈ. ಅದರಲ್ಲಿ ಅವ್ವಗ ಹೇಳಬ್ಯಾಡ್ರಿ ಅಂತ ಯಾರು ಅನ್ನುತ್ತಾರೆ ಅನ್ನುವುದೊಂದು ಬರೆ. ಜಾಗ ಸಾಲದಿದ್ದರೆ ತಾಳ್ಮೆಯ ವಿಷಯ ತೆಗೆದುಹಾಕು, ನಿನ್ನ ತಾಳ್ಮೆ ಕಟ್ಟಿಕೊಂಡು ನಮಗೇನಾಗಬೇಕು?

ಕಟ್ಟೆಯ ಹುಡುಗಿ ವಾದ ಮಾಡಿದಳು. ತಾತಾ, ಆ ಸಾಲು ಮೊದಲೇ ಇದ್ದಿದ್ದರೆ ಅಜ್ಜಿ ಆವತ್ತೇ ಓದಿರುತ್ತಿದ್ದಳು, ನೀವು ಈ ಕಾಗದ ಬರೆಯುತ್ತಲೇ ಇರಲಿಲ್ಲ ಅಂತ. ಬರೆಯದಿದ್ದರೆ ಇನ್ನೂ ಒಳ್ಳೆಯದು ಅಂದೆ. ಈ ಕಾಗದ ಬರೆಯದ, ನನ್ನಂಥದೇ ಇನ್ನೊಬ್ಬ ಜಡೆಪ್ಪ ಎಲ್ಲಾದರೂ ಇದ್ದರೆ, ಅವನ ಹೆಂಡತಿ ತಮ್ಮನ ಕೈಯಿಂದ ನೀರು ಕುಡಿದು ಹೋಗಿರುತ್ತಾಳೆ. ಅವನು ನನಗಿಂತ ಸುಖಿ. ನನಗೆ ಅಷ್ಟು ಸಾಕು.

ಸಿಟ್ಟಿನಲ್ಲಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ತಮ್ಮಾ. ಚಹಾ ಇನ್ನೊಮ್ಮೆ ಬಿಸಿ ಮಾಡಿಕೋ. ಕೂತುಕೋ. ಆ ಹಾಡು ಹಚ್ಚು.

ನಾನು ಇನ್ನು ದಿನಾ ಬೆಳಿಗ್ಗೆ ಸೀರೆಗಳನ್ನು ಹೊರಗಿಟ್ಟು, ಆ ಕೊನೆಯ ಸಾಲು ಬದಲಾಗಿದೆಯಾ ಅಂತ ಟ್ರಂಕಿನ ತಳ ನೋಡುತ್ತೇನೆ. ನಾಳೆ ಹೊನ್ನೂರಪ್ಪನನ್ನೂ ಕರೆಯುತ್ತೇನೆ, ಅವನ ಕಣ್ಣು ನನ್ನದಕ್ಕಿಂತ ಚುರುಕು.

ಜಡೆಪ್ಪ, ಗಾಳೆಮ್ಮನ ಗಂಡ