ಉದ್ದ ತೋಳಿನ ಸ್ವೆಟರಿನ ಅಪರಿಚಿತ

ಹಾಸ್ಟೆಲಿನ ಮೂರನೇ ಮಹಡಿಯಿಂದ,
ಶನಿವಾರ ಸಂಜೆ

ನನ್ನ ಮುದ್ದಿನ ಅಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಪತ್ರವನ್ನು ಮನೆಗೆ ಹಾಕದೆ ನಿನ್ನ ಹೊಲಿಗೆ ಅಂಗಡಿಗೆ ಹಾಕಿದ್ದಕ್ಕೆ ಕಾರಣವಿದೆ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತಿರುತ್ತಾರೆ. ಇದು ಅವರದೇ ವಿಷಯ. ಓದುವಾಗ ಮಷಿನ್ ನಿಲ್ಲಿಸಿಕೋ, ನಗುತ್ತಾ ಬೆರಳಿಗೆ ಸೂಜಿ ಚುಚ್ಚಿಸಿಕೊಂಡೀಯ.

ಗುರುವಾರ ಬೆಳಗ್ಗೆ ಅಪ್ಪ ಹೊರಟದ್ದು ಹಳೆಯ ಸಹೋದ್ಯೋಗಿಯ ಮೊಣಕಾಲಿನ ಆಪರೇಷನ್ ವಿಚಾರಿಸಿಕೊಂಡು ಬರಲು ಎಂದು ನೀನು ನಂಬಿದ್ದೀಯಲ್ಲ? ಆ ಮೊಣಕಾಲಿಗೆ ಏನೂ ಆಗಿಲ್ಲ. ಅಪ್ಪ ಬಂದದ್ದು ಇಲ್ಲಿಗೆ. ಬಂದವರು ನನ್ನ ಹಾಸ್ಟೆಲಿನ ಮುಂದೆಯೇ ಅನುಮಾನಾಸ್ಪದ ವ್ಯಕ್ತಿಯಾಗಿ ಸಿಕ್ಕಿಬಿದ್ದರು. ಈಗ ಮನೆಯಲ್ಲಿ ಏನೂ ಅರಿಯದವರ ಹಾಗೆ ಕಾಫಿ ಕುಡಿಯುತ್ತಿರುತ್ತಾರೆ, ನೋಡು.

ಇರು, ಮೊದಲಿನಿಂದ ಹೇಳುತ್ತೇನೆ. ನಮ್ಮ ವಿಶ್ವವಿದ್ಯಾಲಯದ ಭದ್ರತಾ ಕಚೇರಿ ಪ್ರತಿ ಶುಕ್ರವಾರ ಒಂದು ವರದಿ ಕಳಿಸುತ್ತದೆ. ಆ ವಾರ ಕಳುವಾದದ್ದು, ಒಡೆದದ್ದು, ಹೊಡೆದಾಡಿದ್ದು ಎಲ್ಲ ಅದರಲ್ಲಿರುತ್ತದೆ. ದೂರು ಕೊಟ್ಟವರ ಹೆಸರು ಮಾತ್ರ ಇರುವುದಿಲ್ಲ. ಇಲ್ಲಿ ಓದುವ ನಾವೇ ಅದನ್ನು ತೆರೆದು ನೋಡುವುದಿಲ್ಲ. ಅಪ್ಪ ಮಾತ್ರ ತಮ್ಮ ಇಮೇಲ್ ಕೊಟ್ಟು ತರಿಸಿಕೊಳ್ಳತೊಡಗಿದರು. ವಿಮಾ ಕಂಪನಿಯಲ್ಲಿ ಆಯಸ್ಸೆಲ್ಲ ಸುಟ್ಟ ಅಂಗಡಿ, ಗುದ್ದಿದ ಕಾರು, ಕುಸಿದ ಗೋಡೆಗಳನ್ನೇ ತಪಾಸಣೆ ಮಾಡಿದವರು ತಾನೆ. ನೆಟ್ಟಗೆ ನಿಂತ ಕುರ್ಚಿ ಕಂಡರೂ ಇದರ ಕಾಲು ಯಾವಾಗ ಮುರಿಯುತ್ತದೆ ಎಂದು ಬಗ್ಗಿ ನೋಡುವ ಜೀವ ಅದು.

ಶುಕ್ರವಾರ ಬಂತೆಂದರೆ ಅಪ್ಪನ ಫೋನು. ಸೈಕಲ್ ಕದ್ದಿದ್ದಾರಂತೆ, ನಿನ್ನದು ಇದೆಯಾ? ರಸಾಯನಶಾಸ್ತ್ರ ವಿಭಾಗದ ಕಿಟಕಿ ಒಡೆದಿದ್ದಾರಂತೆ, ನೀನು ಆ ಕಡೆ ಯಾಕೆ ಹೋಗ್ತೀಯ? ಕೊನೆಗೆ ಅದೇ ಪಲ್ಲವಿ. ಸೇರಿಸುವಾಗಲೇ ಅಪ್ಪ ಷರತ್ತು ಹಾಕಿದ್ದರಲ್ಲ, ನಿನಗೆ ಸಂಬಂಧಿಸಿದ ಒಂದೇ ಒಂದು ಕೆಟ್ಟ ಸುದ್ದಿ ಬಂದರೂ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬರಬೇಕು ಎಂದು. ಭೂವಿಜ್ಞಾನದ ಈ ಕಲ್ಲು ಮಣ್ಣಿನ ಓದು ನನಗೆ ಎಷ್ಟು ಹಿಡಿಸಿದೆ ಅಂತ ನಿನಗೆ ಗೊತ್ತು. ಪ್ರಯೋಗಾಲಯದಲ್ಲಿ ಕೂತರೆ ಊಟದ ನೆನಪೂ ಆಗುವುದಿಲ್ಲ. ಅದನ್ನು ಅರ್ಧಕ್ಕೆ ಬಿಟ್ಟು ಬರಬೇಕಾದೀತು ಎಂಬ ಒಂದೇ ಭಯಕ್ಕೆ ನಾನು ನಿಮ್ಮಿಬ್ಬರಿಂದ ಒಂದು ಸಂಗತಿ ಮುಚ್ಚಿಟ್ಟೆ, ಅಮ್ಮಾ.

ಹೋದ ತಿಂಗಳು ಒಬ್ಬ ಮನುಷ್ಯ ನನ್ನ ಹಿಂದೆ ಬೀಳತೊಡಗಿದ. ಗ್ರಂಥಾಲಯದಿಂದ ಹೊರಬಿದ್ದರೆ ಸಾಕು, ಹಾಸ್ಟೆಲಿನ ತಿರುವಿನ ತನಕ ನೆರಳಿನ ಹಾಗೆ ಬರುತ್ತಿದ್ದ. ನಾನು ನಿಂತರೆ ನಿಲ್ಲುತ್ತಿದ್ದ. ಒಮ್ಮೆ ನನ್ನ ಚೀಲದ ಪಟ್ಟಿ ಹಿಡಿದು ಎಳೆದ. ಅವತ್ತು ರೂಮಿನ ತನಕ ಓಡಿ ಬಂದು ಚಿಲಕ ಹಾಕಿ, ಬಾಗಿಲಿಗೆ ಮೇಜು ಒತ್ತಿಟ್ಟೆ. ಆದರೂ ಭದ್ರತಾ ಕಚೇರಿಗೆ ಹೋಗಲಿಲ್ಲ ನಾನು. ಹೋದರೆ ಶುಕ್ರವಾರದ ವರದಿಯಲ್ಲಿ ಬರುತ್ತದೆ. ಹೆಸರಿಲ್ಲದಿದ್ದರೇನು, ಅಪ್ಪ ಮೂಸಿಯೇ ಕಂಡುಹಿಡಿಯುತ್ತಾರೆ, ಮರುದಿನವೇ ಬಂದು ಕರೆದುಕೊಂಡು ಹೋಗುತ್ತಾರೆ. ಹಾಗೆಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡೆ, ದಾರಿ ಬದಲಿಸಿದೆ.

ನಾನು ದಾರಿ ಬದಲಿಸಿದೆ, ಅವನು ಹುಡುಗಿಯನ್ನು ಬದಲಿಸಿದ. ಪಕ್ಕದ ರೂಮಿನಲ್ಲಿ ಮೊದಲ ವರ್ಷದ ಒಂದು ಪುಟಾಣಿ ಇದ್ದಾಳೆ, ಗುಬ್ಬಚ್ಚಿ ಎಂದು ಕರೆಯುತ್ತೇವೆ. ಅವಳು ಬಟ್ಟೆ ಒಗೆಯುವ ಕೋಣೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು. ಅದೇ ಮನುಷ್ಯ, ಅದೇ ತಿರುವು. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲಷ್ಟೇ ಅಲ್ಲ, ನನ್ನ ಮೇಲೂ. ಅವಳ ಕೈ ಹಿಡಿದು ನೇರ ಕಚೇರಿಗೆ ಹೋದೆ.

ಅಲ್ಲಿರುವವರು ಸೀಟಿ ಮೇಡಂ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ, ಅದಕ್ಕೇ ಆ ಹೆಸರು. ಯಾಕೆ ತಡ ಮಾಡಿದೆ, ಒಬ್ಬಳೇ ಯಾಕೆ ಓಡಾಡಿದೆ ಅಂತ ಒಂದು ಮಾತೂ ಕೇಳಲಿಲ್ಲ. ನೀರು ಕೊಟ್ಟರು, ನಾವು ಹೇಳಿದ್ದನ್ನೆಲ್ಲ ಬರೆದುಕೊಂಡರು, ನಡುವೆ ಬಾಯಿ ಹಾಕಲಿಲ್ಲ. ಎರಡೇ ದಿನದಲ್ಲಿ ಅವನು ಸಿಕ್ಕ. ಓದು ಮುಗಿದ ಮೇಲೂ ಹಳೆಯ ಗುರುತಿನ ಚೀಟಿ ತೋರಿಸಿಕೊಂಡು ಒಳಗೆ ಬರುತ್ತಿದ್ದನಂತೆ. ಈಗ ಪೊಲೀಸರ ಹತ್ತಿರ ಇದ್ದಾನೆ. ಗುಬ್ಬಚ್ಚಿ ಮತ್ತೆ ಚಿಲಿಪಿಲಿ ಶುರು ಮಾಡಿದ್ದಾಳೆ, ನಮಗೆ ಓದಲು ಬಿಡುತ್ತಿಲ್ಲ.

ಆದರೆ ವರದಿಯಲ್ಲಿ ಬಂತಲ್ಲ. ವಿದ್ಯಾರ್ಥಿನಿಯರಿಬ್ಬರನ್ನು ಹಿಂಬಾಲಿಸಿದ ವ್ಯಕ್ತಿಯ ಬಂಧನ ಎಂದು. ಆ ಶುಕ್ರವಾರ ಅಪ್ಪ ಫೋನ್ ಮಾಡಲೇ ಇಲ್ಲ. ಅಪ್ಪ ಫೋನ್ ಮಾಡಿದರೆ ಒಂದು ಕಷ್ಟ, ಮಾಡದಿದ್ದರೆ ನೂರು. ಮುಂದಿನ ಗುರುವಾರ ಸಾಕ್ಷಾತ್ ಅವರೇ ಪ್ರತ್ಯಕ್ಷ!

ಬಂದವರು ನನ್ನ ರೂಮಿಗೆ ಬರಬಹುದಿತ್ತು. ಬರಲಿಲ್ಲ. ಹಾಡುಹಗಲೇ ಹಾಸ್ಟೆಲಿನ ಸುತ್ತ ತಪಾಸಣೆ ಶುರು ಮಾಡಿದರು, ಸುಟ್ಟ ಗೋದಾಮಿಗೆ ಹೋದಾಗ ಮಾಡುತ್ತಿದ್ದರಲ್ಲ, ಹಾಗೆ. ಹಿಂದಿನ ಗೇಟಿನ ಚಿಲಕ ಅಲ್ಲಾಡಿಸಿ ನೋಡಿದರು. ಕಾಂಪೌಂಡಿನ ಎತ್ತರವನ್ನು ಕೊಡೆಯಿಂದ ಅಳೆದರು. ಉರಿಯದ ದೀಪದ ಕಂಬಗಳ ಫೋಟೋ ತೆಗೆದರು. ಪೊದೆಯೊಳಗೆ ಹೊಕ್ಕು, ಇಲ್ಲಿ ಒಬ್ಬ ಮನುಷ್ಯ ಅಡಗಿ ಕೂರಬಹುದೇ ಎಂದು ಸ್ವತಃ ಕೂತು ನೋಡಿದರು! ಯಾರೋ ಕಿಟಕಿಯಿಂದ ನೋಡಿ ಕಚೇರಿಗೆ ಫೋನ್ ಮಾಡಿದರು. ಅಪ್ಪ ಪೊದೆಯಿಂದ ಏಳುವಷ್ಟರಲ್ಲಿ ಸೀಟಿ ಮೇಡಂ ಮತ್ತು ಇಬ್ಬರು ಕಾವಲುಗಾರರು ಸುತ್ತುವರಿದಿದ್ದರು. ಸೀಟಿಯ ಸದ್ದಿಗೆ ಇಡೀ ಹಾಸ್ಟೆಲೇ ಕಿಟಕಿಗೆ ಬಂತು.

ಕಚೇರಿಯಿಂದ ನನಗೆ ಕರೆ ಬಂತು. ಹೋಗಿ ನೋಡಿದರೆ ಅಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ, ತಲೆಯ ಮೇಲೆ ಒಣಗಿದ ಎಲೆ. ಫೋನ್ ಮಾಡಿದವರು ಯಾರು ಎಂದು ಮೇಡಂ ಹತ್ತಿರ ಪಟ್ಟು ಹಿಡಿದಿದ್ದಾರೆ. ಹೆಸರು ಹೇಳುವ ಪದ್ಧತಿ ಇಲ್ಲ ಎಂದು ಅವರು ನಗುತ್ತಲೇ ಹೇಳುತ್ತಿದ್ದಾರೆ. ಹಾಗಾದರೆ ಹೋದ ವಾರದ ಆ ಇಬ್ಬರು ಹುಡುಗಿಯರು ಯಾರು ಎಂದು ಕೇಳಿದರು ಅಪ್ಪ. ಆಗ ಅವರ ಧ್ವನಿ ಸಣ್ಣಗಾಗಿತ್ತು. ಅದನ್ನೂ ಹೇಳುವುದಿಲ್ಲ ಎಂದರು ಮೇಡಂ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನೇ ಹೇಳಿದೆ. "ಅದರಲ್ಲಿ ಒಬ್ಬಳು ನಾನೇ, ಅಪ್ಪ."

ಅಪ್ಪ ತಲೆಯ ಮೇಲಿನ ಎಲೆ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದರು, "ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮನೆಗೆ ಕರ್ಕೊಂಡು ಹೋಗ್ತಿದ್ರಿ. ಅದಕ್ಕೆ ಹೆದರಿ ಯಾರಿಗೂ ಹೇಳ್ಲಿಲ್ಲ. ನಾನು ಸುಮ್ಮನಿದ್ದಿದ್ದಕ್ಕೇ ಅವನು ಇನ್ನೊಬ್ಬ ಹುಡುಗಿ ಹಿಂದೆ ಬಿದ್ದ. ಅವನಿಗಿಂತ ಜಾಸ್ತಿ ನಿಮಗೆ ಹೆದರಿದ್ದೆ ನಾನು."

ಅಳಬಾರದು ಅಂದುಕೊಂಡಿದ್ದೆ, ಅತ್ತುಬಿಟ್ಟೆ. ಅಪ್ಪನೂ ಕನ್ನಡಕ ತೆಗೆದು ಒರೆಸಿಕೊಂಡರು. ಸೀಟಿ ಮೇಡಂ ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದು ಇರುವ ಹಾಗೆ ಅತ್ತ ನೋಡುತ್ತಾ ನಿಂತರು. ಅಪ್ಪ ಎದ್ದು ಬಂದು ನನ್ನ ತಲೆ ಮೇಲೆ ಕೈಯಿಟ್ಟರು. "ಇಷ್ಟು ದಿನ ವರದೀಲಿ ಏನಾದ್ರೂ ಬಂದ ವಾರ ಹೆದರ್ತಿದ್ದೆ," ಅಂದರು. "ಇನ್ಮೇಲೆ ಏನೂ ಬರದಿದ್ದ ವಾರ ಹೆದರ್ತೀನಿ. ನೀನು ಇಲ್ಲೇ ಓದು, ಮಗಳೇ."

ಇಲ್ಲೇ ಓದು ಅಂದರು, ಅಮ್ಮಾ! ಅವರ ಬಾಯಿಂದಲೇ! ನಾನು ಎರಡು ಸಲ ಹೇಳಿಸಿದೆ, ಮೇಡಂ ಸಾಕ್ಷಿ.

ಆಮೇಲೆ ಅಪ್ಪನನ್ನು ಹಿಡಿಯುವವರಿಲ್ಲ. ಚಿಲಕ, ಕಂಬ, ಪೊದೆ ಎಲ್ಲವನ್ನೂ ಮೇಡಂಗೆ ಒಪ್ಪಿಸಿದರು. ಮೇಡಂ ಅದನ್ನು ದೂರು ಎಂದೇ ದಾಖಲಿಸಿಕೊಂಡು, ರಾತ್ರಿ ಉಳಿಯಲು ಅತಿಥಿಗೃಹದಲ್ಲಿ ಕೋಣೆ ಕೊಡಿಸಿದರು. ಮರುದಿನ ಬೆಳಗ್ಗೆ ನಾನು, ಗುಬ್ಬಚ್ಚಿ, ಅಪ್ಪ ಕ್ಯಾಂಟೀನಿನಲ್ಲಿ ಕೂತಿದ್ದಾಗ ಶುಕ್ರವಾರದ ವರದಿ ಅಪ್ಪನ ಫೋನಿಗೆ ಬಂತು. ಅದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ: "ಮಹಿಳಾ ಹಾಸ್ಟೆಲಿನ ಬಳಿ ಎಪ್ಪತ್ತರ ಆಸುಪಾಸಿನ, ಬೋಳುತಲೆಯ ಅಪರಿಚಿತ. ಕರೆ ಮಾಡಿದವರ ಪ್ರಕಾರ ಸಾಸಿವೆ ಬಣ್ಣದ ಸ್ವೆಟರ್, ಎಡತೋಳು ಬಲತೋಳಿಗಿಂತ ಉದ್ದ. ವಿಚಾರಿಸಿ ಬಿಡಲಾಗಿದೆ. ನಿರುಪದ್ರವಿ."

ಎಪ್ಪತ್ತು ಅಂದದ್ದಕ್ಕೆ ಅಪ್ಪ ಕೆಂಡಾಮಂಡಲ. ಬೋಳು ಅಂದದ್ದಕ್ಕೆ ಇನ್ನೂ ಜಾಸ್ತಿ. ಗುಬ್ಬಚ್ಚಿ ನಗುತ್ತಾ ನಗುತ್ತಾ ಕುರ್ಚಿಯಿಂದ ಬಿದ್ದಳು. ಅಪ್ಪ ತಕ್ಷಣ ಬಗ್ಗಿ ಕುರ್ಚಿಯ ಕಾಲು ಪರೀಕ್ಷಿಸಿದರು.

ಊರಿಗೆಲ್ಲ ಅಳತೆ ತಪ್ಪದೆ ಹೊಲಿಯುವ ನೀನು, ಅಪ್ಪನ ಸ್ವೆಟರ್ ಹೆಣೆಯುವಾಗ ಮಾತ್ರ ಹೀಗೆ ಎಡವಿದ್ದೀಯಲ್ಲ, ಪುಣ್ಯಾತ್ಗಿತ್ತಿ. ದಯವಿಟ್ಟು ಆ ತೋಳನ್ನು ಸರಿಮಾಡಬೇಡ. ಮೊಣಕಾಲಿನ ವಿಷಯ ಕೇಳಿ ಅವರನ್ನು ಸ್ವಲ್ಪ ಗೋಳು ಹೊಯ್ದುಕೋ, ಜಾಸ್ತಿ ಬೇಡ. ಒಳ್ಳೆಯವರು.

ಇಲ್ಲೇ ಓದಲು ಅಪ್ಪಣೆ ಪಡೆದ,
ನಿನ್ನ ಚಿನಕುರಳಿ

ತಾ.ಕ.: ಫೋನ್ ಮಾಡಿದ "ಯಾರೋ" ನಾನೇ, ಅಮ್ಮಾ. ಪೊದೆಯಲ್ಲಿ ಕೂತವರು ಅಪ್ಪ ಎಂದು ಗೊತ್ತಾದ ಮೇಲೆಯೇ ಮಾಡಿದೆ. ಇಲ್ಲಿ ಕರೆದರೆ ಯಾರಾದರೂ ಓಡಿ ಬರುತ್ತಾರೆ ಎನ್ನುವುದನ್ನು ನಾನು ಬಾಯಿಮಾತಿನಲ್ಲಿ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ಇದು ನಮ್ಮಿಬ್ಬರಲ್ಲೇ ಇರಲಿ ಎಂದು ಬರೆಯಬೇಕೆಂದಿದ್ದೆ, ಆದರೆ ಬಸ್ ಹತ್ತುವಾಗ ಅಪ್ಪ ಎಡತೋಳನ್ನು ಬೆರಳಿನ ತನಕ ಎಳೆದು ತೋರಿಸಿ ಕೇಳಿದರು: "ಮಡಚಿಕೊಂಡಿದ್ನಲ್ಲೇ ಇದನ್ನ. ಇದು ಉದ್ದ ಅಂತ ಮೇಲೆ ಕಿಟಕಿಯಿಂದ ನೋಡಿದವರಿಗೆ ಹೇಗೆ ಗೊತ್ತಾಯ್ತು?" ನಾನು ಅವರ ಕೊಡೆಯನ್ನು ಕೈಗಿಟ್ಟೆ. ಬಸ್ಸು ಕಣ್ಮರೆಯಾಗುವ ತನಕ ಕಿಟಕಿಯಿಂದ ಆ ತೋಳನ್ನೇ ಬೀಸುತ್ತಿದ್ದರು.