ಕೊಳಲಿನ ಕೆಳಗಿನ ಮಾತು

ಜಲನಗರ, ವಿಜಯಪುರ
ಮಂಗಳವಾರ

ಶಾಂಭವಿಯವರಿಗೆ,

ನಿಮ್ಮ ಸಾಕ್ಷ್ಯಚಿತ್ರದ ಒಂದು ದೃಶ್ಯದ ಮೂಲ ಧ್ವನಿ ಬೇಕಾಗಿದೆ.

ಮಮದಾಪುರದ ಕೆರೆಯ ಬಳಿ ಕುರಿ ಮೇಯಿಸುವ ಪರಸವ್ವ ಕಣ್ಣೊರೆಸಿಕೊಳ್ಳುವಾಗ ನೀವು ಮಾತು ತೆಗೆದು ಕೊಳಲು ಹಾಕಿದ್ದೀರಿ. ಚಿತ್ರೀಕರಣದ ದಿನ ನಾನು ಪಕ್ಕದಲ್ಲೇ ಇದ್ದೆ. ಅವರು ಅಳುತ್ತಿರಲಿಲ್ಲ.

“ಧೂಳ ಬಿದ್ದೈತಿ ಬೇ, ಅಳಾಕತ್ತಿಲ್ಲ ನಾ. ಕುರಿ ಮೇಯೋ ಗಾಯರಾಣಕ್ಕ ಬೇಲಿ ಹಾಕಿದವ್ರ ಹೆಸರ ಹೇಳ್ತೇನಿ, ಬರಕೋ” ಎಂದು ನಾಲ್ಕು ಹೆಸರು ಹೇಳಿದ್ದರು.

ನಿನ್ನೆ ಆ ಗೋಮಾಳದ ಬೇಲಿಯ ವಿಚಾರಣೆಗೆ ಪರಸವ್ವನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅವರು ಅದೇ ನಾಲ್ಕು ಹೆಸರು ಹೇಳಿದಾಗ ಬೇಲಿ ಹಾಕಿದವರ ವಕೀಲರು ನಿಮ್ಮ ಚಿತ್ರವನ್ನೇ ತೋರಿಸಿದರು. “ನೋಡ್ರಿ ಸಾಹೇಬ್ರ, ಆಗ ಯಾರ ಹೆಸರೂ ಹೇಳಿಲ್ಲ. ಈಗ ಯಾರೋ ಕಲಿಸಿ ಕರಕೊಂಡ ಬಂದಾರ” ಎಂದರು. ಹಾಗೆಂದಾಗ ಅವರು ನೋಡಿದ್ದು ನನ್ನನ್ನು.

ಮುಂದಿನ ವಿಚಾರಣೆ ಸೋಮವಾರ. ಅದೇ ಕೊನೆಯದು. ಅಷ್ಟರೊಳಗೆ ಸಂಗೀತವಿಲ್ಲದ ಪ್ರತಿ ಕಳಿಸಿಕೊಡಿ. ಏನನ್ನೂ ಕತ್ತರಿಸಬೇಡಿ, ಪರಸವ್ವ ನಿಮ್ಮ ಕ್ಯಾಮೆರಾಕ್ಕೆ ಬೈದದ್ದೂ ಇರಲಿ.

ಚಿತ್ರಕ್ಕೆ ಪ್ರಶಸ್ತಿ ಬಂದದ್ದನ್ನು ಪರಸವ್ವನಿಗೆ ಹೇಳಿದೆ.

“ಯಾತಕ್ಕ ಕೊಟ್ರಂತ? ನನ್ನ ಬಾಯಿ ಮುಚ್ಚಿದ್ದಕ್ಕೇನ?” ಎಂದು ಕೇಳಿದರು.



ಇಂತಿ,
ಶೈಲಶ್ರೀ