ಮೊಗ್ಗಿ ಅಂತಲೇ ಇಡು

ಹುಡಗಿ, ಹುಮನಾಬಾದ ತಾಲ್ಲೂಕು
11 ಫೆಬ್ರವರಿ 2025

ನನ್ನ ಪ್ರೀತಿಯ ಪ್ರಣಿತಾ,

ಬೈಯಬೇಡ, ಬೈಯಬೇಡ! ನಿನ್ನ ಮೆಸೇಜುಗಳನ್ನೆಲ್ಲ ಓದಿದ್ದೇನೆ. ಫೋನಿನಲ್ಲಿ ಮಾತಾಡೋಣವೆಂದರೆ ಮದುವೆಗೆ ಬಂದ ನೆಂಟರು ಇನ್ನೂ ಹೋಗಿಲ್ಲ, ಹೊಸ ಸೊಸೆ ಯಾರ ಜೊತೆ ಏನು ಮಾತಾಡುತ್ತಾಳೆಂದು ಎಲ್ಲರ ಕಿವಿಯೂ ಇತ್ತಲೇ. ಅದಕ್ಕೇ ಈ ಕಾಗದ. ಮೊದಲು ಇಂಗ್ಲಿಷಿನಲ್ಲಿ ಬರೆದೆ, ರಜೆ ಅರ್ಜಿಯ ಹಾಗೆ ಕಂಡಿತು, ಹರಿದು ಹಾಕಿದೆ. ಬಸವಕಲ್ಯಾಣದ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆ ಗೆಳತಿಗೆ ಬರೆಯುವಷ್ಟು ಇಂಗ್ಲಿಷ್ ಕಲಿಸಲೇ ಇಲ್ಲ ನೋಡು!

ನಾನು ತುಂಬ, ತುಂಬ ಸಂತೋಷವಾಗಿದ್ದೇನೆ. ಗೋವರ್ಧನ ಹುಮನಾಬಾದಿನ ಔಷಧಿ ಅಂಗಡಿಯಿಂದ ಬರುವಾಗ ಜಿಲೇಬಿ ತರುತ್ತಾರೆ, ತಂದದ್ದನ್ನು ಅವರೇ ಹೆಚ್ಚು ತಿನ್ನುತ್ತಾರೆ. ಮದುವೆ ದಿನ ಅಕ್ಕಿ ತುಂಬಿದ ತಟ್ಟೆಯಲ್ಲಿ ಉಂಗುರದಿಂದ ನನ್ನ ಹೊಸ ಹೆಸರು ಬರೆದರಲ್ಲ, ನೀನು ಆಗ ಊಟದ ಪಂಕ್ತಿಯಲ್ಲಿದ್ದೆ. ರುಕ್ಮಿಣಿ! ಗೋವರ್ಧನನಿಗೆ ಸರಿಜೋಡಿ ಎಂದು ಅವರೇ ಆರಿಸಿದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹಾಂ, ನನ್ನ ನಿನ್ನ ಕೂಸಿನ ವಿಷಯ, ಅದೇ ನಮ್ಮ ಆ್ಯಪ್. ಕುರಿಗಳಿಗೆ ಲಸಿಕೆ ಹಾಕಿಸುವ ದಿನವನ್ನು ಕನ್ನಡದಲ್ಲಿ ಕೂಗಿ ನೆನಪಿಸುವ ಆ್ಯಪ್ ಮಾಡಿಬಿಟ್ಟೆವು. ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಿಕೊಳ್ಳಲಿ ಎಂದು ಕೋಡನ್ನೆಲ್ಲ ಓಪನ್ ಸೋರ್ಸ್ ಮಾಡಿ ಈ ಭಾನುವಾರ ಬಿಡುತ್ತೇವೆ. ಆದರೆ ಹೆಸರೇ ಇಲ್ಲ! "ಹೆಸರು ನೀನೇ ಇಡು, ಆದ್ರ ವಿಚಾರ ಮಾಡಿ ಇಡು. ಮಂದಿ ಬಳಸಾಕತ್ತಿದ ಮ್ಯಾಲ ಹೆಸರು ಬದಲಿ ಮಾಡಿದ್ರ, ಅದರ ಮ್ಯಾಲ ನಿಂತಿದ್ದೆಲ್ಲ ಮುರೀತದ" ಎಂದು ನೀನು ಹೇಳಿದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ರೊಟ್ಟಿ ಬಡಿಯುವಾಗಲೂ ಅದೇ, ತಲೆ ಬಾಚುವಾಗಲೂ ಅದೇ. ಈ ಕಾಗದ ಬರೆಯುವಾಗಲೂ ಎದ್ದು ಬಾಗಿಲ ತನಕ ಹೋಗಿ ಬಂದೆ, ಯಾಕೆಂದು ಗೊತ್ತಿಲ್ಲ.

ಕೊನೆಗೆ ನಿನ್ನೆ ಊಟಕ್ಕೆ ಕೂತಾಗ ಮನೆಯವರನ್ನೇ ಕೇಳಿದೆ. ಹರ್ಡ್‌ಮೇಟ್ ಅಂತ ಇಡಲೇ ಅಂದೆ, ಹಿಂಡಿನ ಗೆಳೆಯ ಎಂಬರ್ಥದಲ್ಲಿ. ಅತ್ತೆ ಧೂಳಮ್ಮ, "ಯವ್ವಾ, ಅದೇನ್ ತಲಿನೋವಿನ ಗುಳಿಗಿ ಏನ?" ಅಂದರು. ಕುರಿಮಿತ್ರ ಎಂಬ ಹೆಸರನ್ನು ಯಾರೋ ಆಗಲೇ ಇಟ್ಟುಕೊಂಡಿದ್ದಾರೆ. ಇವರು, "ಗೋವರ್ಧನ ಅಂತ ಇಟ್ಟುಬಿಡು" ಅಂದರು.

"ಬ್ಯಾಡ್ರಿ, ಅದು ಕೆಟ್ಟಾಗೆಲ್ಲ ಮಂದಿ ನಿಮಗ ಬೈತಾರ" ಅಂದೆ. ಅತ್ತೆ ನಕ್ಕು ನಕ್ಕು ಕೆಮ್ಮಿದರು. "ಹೆಸರಿಡೋದಂದ್ರ ಹುಡುಗಾಟ ಅಲ್ಲ, ನಾಕ್ ಮಂದೀನ ಕೇಳಿ ಇಡಬೇಕು" ಎಂದು ನನಗೆ ಇನ್ನೊಂದು ರೊಟ್ಟಿ ಹಾಕಿದರು.

ಮಾವ ಭೀಮಶಾ ಕುರಿ ಕಾಯುವವರು, ಮಾತು ಕಡಿಮೆ. ಅವರು ಕೈ ತೊಳೆದು ಬಂದು, "ಇಷ್ಟ್ಯಾಕ ಫಿಕರ್ ಮಾಡಾಕತ್ತೀದಿ ಮಗಳ? ಮೊಗ್ಗಿ ಅಂತ ಇಡು" ಅಂದರು. ಮೊಗ್ಗಿ ಅವರ ಮುದ್ದಿನ ಕುರಿ. ಅದನ್ನು ಕೊಡಂಬಲದವರು ಕೊಳ್ಳಲು ಕೇಳುತ್ತಿದ್ದಾರಂತೆ.

"ಕೊಟ್ಟ ಮ್ಯಾಲ ಅವರು ಬ್ಯಾರೆ ಹೆಸರಿಡಂಗಿಲ್ಲೇನ್ರಿ?" ಎಂದು ಕೇಳಿದೆ.

"ಹ್ಯಾಂಗ ಇಡ್ತಾರ? ನಾ ಹೆಸರ ಹೇಳೇ ಕೊಡ್ತೀನಿ. ಬ್ಯಾರೆ ಹೆಸರಿಗಿ ಅದು ಹೊಳ್ಳಿ ಸೈತ ನೋಡಂಗಿಲ್ಲ. ಹೊಸಾ ಹಿಂಡಿನ್ಯಾಗ ಪಾಪ, ದಿಕ್ಕ ತಪ್ತದ."

ಎಲ್ಲರೂ ಬರೋಬ್ಬರಿ, ಬರೋಬ್ಬರಿ ಅಂದರು. ನಾನೂ ಅಂದೆ. ಆಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ನೀರು ಕುಡಿದು ಬಂದೆ.

ಹಾಗಾಗಿ ಮೊಗ್ಗಿ ಅಂತಲೇ ಇಡು. ಹುಡುಕಿ ನೋಡಿದೆ, ಬೇರೆ ಯಾರದೂ ಅಲ್ಲ. ಬೀದರಿನವರ ಬಾಯಿಗೂ ಬರುತ್ತದೆ, ಬರ್ಲಿನ್ನಿನವರ ಬಾಯಿಗೂ ಬರುತ್ತದೆ. ಇಟ್ಟ ಮೇಲೆ ಯಾರು ಏನೇ ಹೇಳಿದರೂ ಬದಲಿಸಬೇಡ, ನನ್ನಾಣೆ.

ನಿನ್ನ ಅವ್ವನಿಗೆ ನಮಸ್ಕಾರ. ಭಾನುವಾರ ನಿಮ್ಮ ಓಣಿಯ ಕರೆಂಟು ಹೋಗದಿರಲಿ, ನಮ್ಮ ಕೂಸು ಊರೂರು ಸುತ್ತಲಿ, ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ
ರುಕ್ಮಿಣಿ
(ಬರೆದು ರೂಢಿ ಮಾಡಿಕೊಳ್ಳುತ್ತಿದ್ದೇನೆ!)

ತಾ.ಕ.: ಆ್ಯಪ್ ಬರೆದವರ ಹೆಸರುಗಳ ಜಾಗದಲ್ಲಿ ನನ್ನ ಹೊಸ ಹೆಸರು ಹಾಕಿಸು ಎಂದು ಇವರು ಆಸೆಯಿಂದ ಹೇಳಿದ್ದಾರೆ. ಹೂಂ ಅಂದಿದ್ದೇನೆ. ಹಾಕಬೇಡ. ಕಾಜಲ ಅಂತಲೇ ಇರಲಿ. ಇವತ್ತು ಬೆಳಿಗ್ಗೆ ಅತ್ತೆ ಹಿತ್ತಲಿನಿಂದ ರುಕ್ಮಿಣಿ, ರುಕ್ಮಿಣಿ ಎಂದು ಕರೆಯುತ್ತಲೇ ಇದ್ದರಂತೆ, ನಾನು ಕೋಣೆಯಲ್ಲಿ ಕೂತೇ ಇದ್ದೆ, ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತು. "ಏನ್ ಸೊಕ್ಕಬೇ ನಿಂದು?" ಅಂದರು, ನಗುತ್ತಲೇ. ಸೊಕ್ಕಲ್ಲ ಪ್ರಣಿತಾ, ಕರೆದದ್ದು ನನ್ನನ್ನೇ ಎಂದು ಗೊತ್ತಾಗಲಿಲ್ಲ. ನನ್ನನ್ನು ಕಳಿಸಿಕೊಡುವಾಗ ಅಪ್ಪ ಮಾವನ ಕೈ ಹಿಡಿದುಕೊಂಡು ಎಲ್ಲ ಹೇಳಿದ, ನೀನೂ ಅಲ್ಲೇ ಇದ್ದೆ. "ಖಾರ ಉಣ್ಣಂಗಿಲ್ರಿ, ಗುಡುಗಿಗಿ ಅಂಜ್ತಾಳ್ರಿ, ಬೈದ್ರ ಊಟ ಬಿಡ್ತಾಳ್ರಿ" ಎಂದು ಅಳುತ್ತ ಹೇಳಿದ. ಹೆಸರೊಂದನ್ನು ಮಾತ್ರ ಹೇಳಲಿಲ್ಲ.